ಬಾಲದಿಂದ ಬಿಡಿಸಿದ ಪದ

ನಾನು ಕೊಲ್ಹಾಪುರದಲ್ಲಿ ನರ್ಸಿಂಗ್ ಎರಡನೆಯ ವರ್ಷ ಓದುತ್ತಿದ್ದಾಗ ಅಪ್ಪನ ಹೊಟ್ಟೆಯ ಸೋನೋಗ್ರಫಿ ಮಾಡಿಸಿದೆವು. ಅಪ್ಪ ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನಡೆಸುವವನು. ಕೆಲವು ತಿಂಗಳಿಂದ ಎರಡು ತುತ್ತು ಉಂಡರೆ ಹೊಟ್ಟೆ ತುಂಬಿತು ಅನ್ನುತ್ತಿದ್ದ. ತೋಳುಗಳು ಸೊರಗಿದ್ದವು, ಹೊಟ್ಟೆ ಮಾತ್ರ ಬಿಗಿದಿತ್ತು.

ರಿಪೋರ್ಟು ಕೈಗೆ ಬಂದಾಗ ಡಾಕ್ಟರು ಊಟಕ್ಕೆ ಹೋಗಿದ್ದರು. ಅಪ್ಪನ ಎದುರಿನ ಬೆಂಚಿನ ಮೇಲೆ ಕುಳಿತು ಲಕೋಟೆ ತೆರೆದೆ. ಕೊನೆಯ ಸಾಲಿನಲ್ಲಿ ಒಂದೇ ಪದವಿತ್ತು: ಹೆಪ್ಯಾಟೊಸ್ಪ್ಲೀನೊಮೆಗಲಿ.

ಇಂಥ ಗ್ರೀಕ್ ಪದಗಳನ್ನು ಬಾಲದಿಂದ ಬಿಡಿಸಬೇಕೆಂದು ನಮ್ಮ ಶಿಕ್ಷಕಿ ಕಲಿಸಿದ್ದರು. ಇದೇ ಪದವನ್ನು ಬಿಡಿಸಿ ನಾನು ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದಿದ್ದೆ. ಈಗ ದನಿ ತೆಗೆಯದೆ, ತುಟಿಯಲ್ಲಷ್ಟೇ ಶುರು ಮಾಡಿದೆ. ಮೆಗಲಿ, ದೊಡ್ಡದಾಗಿದೆ. ಸ್ಪ್ಲೀನೊ, ಗುಲ್ಮ. ಹೆಪ್ಯಾಟೊ, ಲಿವರ್. ಎರಡೂ ದೊಡ್ಡದಾಗಿವೆ. ಪಾಠದಲ್ಲಿ ಕಾರಣಗಳ ಪಟ್ಟಿಯೂ ಇತ್ತು. ಮಲೇರಿಯಾ, ಟೈಫಾಯ್ಡ್, ರಕ್ತದ ಕ್ಯಾನ್ಸರ್. ಅದನ್ನೂ ತುಟಿ ಆಡಿಬಿಟ್ಟಿತು.

"ಕ್ಯಾನ್ಸರ್ ಐತೇನ ತಂಗಿ?" ಅಂದ ಅಪ್ಪ.

ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಶೆಡ್ಡಿನವರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಾರೆ. ಅಪ್ಪ ಅಲ್ಲೇ ಮುದುಕನಾದವನು. ಅದನ್ನು ಹೇಗೆ ಮರೆತೆನೋ.

"ಹಂಗಂತ ಇದ್ರಾಗ ಬರದಿಲ್ಲಪಾ. ಲಿವರ್ ದೊಡ್ಡದಾಗೇತಿ, ಅಷ್ಟ."

"ಎರಡೂ ಅಂದಿ. ನಾಕ ಮಗ್ಗದ ಆಚೆ ನಿಂತ ಮಾಲಕ ಬೈದ್ರ ನನಗ ತಿಳೀತೈತಿ, ನೀ ಮುಂದ ಕುಂತ ಮಂತ್ರಾ ಹೇಳ್ತಿಯೇನ? ಇನ್ನೊಂದ ಯಾವುದು?"

ಎಡಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ತೋರಿಸಿದೆ. ಅಪ್ಪ ತನ್ನ ಕೈಯನ್ನೂ ಅಲ್ಲೇ ಇಟ್ಟುಕೊಂಡ.

"ಯಾಕ ದೊಡ್ಡದಾದುವು?"

"ಗೊತ್ತಿಲ್ಲಪಾ. ರಕ್ತಾ ತಪಾಸಬೇಕು. ಬರೇ ಜ್ವರದ್ದೂ ಇರಬಹುದು."

ಆ ಪದದೊಳಗೆ ಕಾರಣದ ತುಣುಕು ಇರಲಿಲ್ಲ. ಮತ್ತೆ ಬಾಲದಿಂದ ತಲೆಯವರೆಗೆ ನೋಡಿದೆ, ಇರಲಿಲ್ಲ.

ಅಷ್ಟರಲ್ಲಿ ನಮ್ಮೂರು ಗಡಹಿಂಗ್ಲಜದಿಂದ ಅವ್ವನ ಫೋನು ಬಂತು. ಮೊಬೈಲಿನಲ್ಲಿ ಮೂಡಿದ ಹೆಸರನ್ನು ಅಪ್ಪನೂ ನೋಡಿದ.

"ಆಕಿಗೆ ಆ ಉದ್ದನ್ನ ಹೆಸರಷ್ಟ ಹೇಳು. ಬಿಡಿಸಬ್ಯಾಡ."

ಹಾಗೆಯೇ ಹೇಳಿದೆ, ಒಂದೇ ಉಸಿರಿನಲ್ಲಿ. ಅವ್ವ ಅದನ್ನು ಅನ್ನಲು ಹೋಗಿ ಅರ್ಧಕ್ಕೇ ಬಿಟ್ಟಳು.

"ಇರ್ಲಿ, ಅದು ನನ್ನ ಬಾಯಾಗ ಬರೂದಿಲ್ಲ. ಆರಾಮ ಆಕ್ಕಾನೋ ಇಲ್ಲೋ, ಅದನ್ನಷ್ಟ ಹೇಳು."

ಉತ್ತರ ಕೊಡುವ ಮೊದಲು ನಾನು ಎದ್ದು ಅಪ್ಪನಿಗೆ ಬೆನ್ನು ಮಾಡಿ ನಿಂತೆ.