ನಿಲ್ಲದೆ ಓಡಿದ ಎಂಟು ದಿನ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಈ ಒಂದು ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಬಾಗಲಕೋಟೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತ, ಬಿಡುವಿನಲ್ಲಿ ಒಂದು ವೈ-ಫೈ ಬೋರ್ಡಿನ ಬೆನ್ನು ಹತ್ತಿದ್ದೆ. ರೇಡಿಯೊ ಮಾಡಬೇಕಾದ ಕೆಲಸದ ಬಹುಪಾಲನ್ನು ಅದರಲ್ಲಿ ಸಾಫ್ಟ್‌ವೇರೇ ಮಾಡುತ್ತದೆ. ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಅದರ ಡ್ರೈವರ್, ಅಂದರೆ ಬೋರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತುಕತೆ ನಡೆಸುವ ಪ್ರೋಗ್ರಾಂ, ಒಂದೆರಡು ತಾಸು ಓಡಿ ನಿಂತುಬಿಡುತ್ತಿತ್ತು. ಕಳಿಸಬೇಕಾದ ಪ್ಯಾಕೆಟ್ಟುಗಳ, ಅಂದರೆ ಮಾಹಿತಿಯ ತುಣುಕುಗಳ, ಸಾಲು ತುಂಬಿದರೆ ಕೆಲಸ ನಿಲ್ಲಿಸುತ್ತಿತ್ತು, ಸಾಲು ಕರಗಿದ ಮೇಲೂ ಮತ್ತೆ ಶುರು ಮಾಡುತ್ತಿರಲಿಲ್ಲ. ನಾಲ್ಕು ತಿಂಗಳು ತಲೆ ಕೆಡಿಸಿಕೊಂಡು ಒಂದು ತಿದ್ದುಪಡಿ ಬರೆದೆ. ಆ ಬೋರ್ಡಿನ ಪ್ರಾಜೆಕ್ಟ್ ನೋಡಿಕೊಳ್ಳುವವರು ಒಂದೇ ಷರತ್ತು ಹಾಕಿದರು: ಒಂದು ವಾರ ನಿಲ್ಲದೆ ಓಡಿಸಿ, ಅದರ ಲಾಗ್, ಅಂದರೆ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ, ಕಳಿಸಿ.

ನಮ್ಮ ಓಣಿಯಲ್ಲಿ ಮನೆಗೊಂದು ವೈ-ಫೈ. ಸಿಗ್ನಲ್ಲುಗಳು ಒಂದರ ಮೇಲೊಂದು ಬಿದ್ದು ಪರೀಕ್ಷೆಯೇ ಕೆಡುತ್ತಿತ್ತು. ಇಳಕಲ್ಲಿನಲ್ಲಿ ನನ್ನ ಗೆಳತಿಯ ಮನೆ ಊರಾಚೆ, ಹೊಲಕ್ಕೆ ಹತ್ತಿಕೊಂಡು. ಅಲ್ಲಿ ಬೇರೆ ಯಾರ ವೈ-ಫೈ ಸಿಗ್ನಲ್ಲೂ ಇಲ್ಲ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವಳೂ ಅಲ್ಲಿನ ಕಾಲೇಜಿನಲ್ಲಿ ನನ್ನ ವಿಷಯವನ್ನೇ ಕಲಿಸುತ್ತಾಳೆ. ಒಂದಕ್ಕೊಂದು ಪ್ಯಾಕೆಟ್ಟು ಕಳಿಸುವ ಎರಡು ಬೋರ್ಡುಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಮೀನಗಡದಲ್ಲಿ ಬಸ್ಸು ನಿಂತಾಗ ಅವಳಿಗೆಂದು ಕರದಂಟು ಕೊಂಡು ಹೋದೆ.

"ನಿಂತ್ರ ಮುಟ್ಟಬ್ಯಾಡ. ಹಂಗ ಬಿಟ್ಟು ಫೋನ್ ಮಾಡು," ಅಂದೆ.

"ನಾ ಏನ್ ಸಣ್ಣಾಕಿ ಏನ? ನೋಡ್ಕೋತೇನಿ, ನೀ ಹೋಗು," ಅಂದಳು.

ದಿನಾ ಒಂದೇ ಮೆಸೇಜು: "ಓಡಾಕತ್ತೈತಿ." ಎಂಟನೆಯ ದಿನ ಲಾಗ್ ಬಂತು. ಮೊದಲ ಪುಟ ನೋಡಿದೆ, ಕೊನೆಯ ಪುಟ ನೋಡಿದೆ. ನಡುವಿನದನ್ನು ಕೆದಕಿದರೆ ಅವಳನ್ನು ಅನುಮಾನಿಸಿದ ಹಾಗೆ ಅನ್ನಿಸಿತು. ಎಂಥ ಮಳ್ಳಿ ನಾನು! "ನಿನ್ನ ಹೆಸರೂ ಹಾಕ್ತೇನಿ," ಅಂದರೆ ಬೇಡವೆಂದಳು. ಅದನ್ನು ದೊಡ್ಡ ಮನಸ್ಸು ಅಂದುಕೊಂಡೆ. ಎಂಟು ದಿನ ಒಮ್ಮೆಯೂ ನಿಂತಿಲ್ಲ ಎಂದು ಬರೆದು, ನನ್ನ ಹೆಸರಿನಲ್ಲಿ ಕಳಿಸಿದೆ.

ಎರಡು ದಿನದ ಮೇಲೆ ಪ್ರಾಜೆಕ್ಟಿನ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಶ್ನೆ ಬಂತು: ಪ್ಯಾಕೆಟ್ಟುಗಳ ಎಣಿಕೆ ನಡುವೆ ಐದು ಸಲ ಮತ್ತೆ ಒಂದರಿಂದ ಶುರುವಾಗಿದೆಯಲ್ಲ, ಏಕೆ? ಡ್ರೈವರನ್ನು ಹೊಸದಾಗಿ ಶುರು ಮಾಡಿದರೆ ಮಾತ್ರ ಎಣಿಕೆ ಒಂದಕ್ಕೆ ಮರಳುತ್ತದೆ.

ಶನಿವಾರ ಇಳಕಲ್ಲಿಗೆ ಹೋಗಿ, ಬೋರ್ಡಿಗೆ ಜೋಡಿಸಿದ್ದ ಅವಳ ಕಂಪ್ಯೂಟರ್ ತೆರೆದೆ. ಅದರಲ್ಲಿ ನಾನು ಬರೆಯದ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಡ್ರೈವರ್ ನಿಂತ ಕೂಡಲೇ ಅದನ್ನು ಕಿತ್ತು ಮತ್ತೆ ಹಾಕುವುದು, ನಿಂತದ್ದನ್ನು ಹೇಳುವ ಸಾಲುಗಳನ್ನು ಲಾಗಿನಿಂದ ಅಳಿಸುವುದು, ಇಷ್ಟೇ ಅದರ ಕೆಲಸ.

"ಮೂರನೇ ದಿನಾನ ನಿಂತಿತ್ತು," ಅಂದಳು, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. "ಹೇಳಿದ್ರ ನೀ ಅಳ್ತಿದ್ದಿ. ನಿನ್ನ ಸಲುವಾಗೇ ಮಾಡೇನಿ."

"ಇನ್ನ ನನ್ನ ಮಾತಿಗೆ ಅಲ್ಲಿ ಏನ್ ಕಿಮ್ಮತ್ತ ಉಳೀತು?"

"ಎಲ್ಲೋ ಕುಂತವ್ರು ಅವ್ರು. ಯಾರ್ ಅಷ್ಟ್ ತಲಿ ಕೆಡಿಸ್ಕೋತಾರವಾ?"

ನಿಂತಾಗಲೇ ಫೋನ್ ಮಾಡಿದ್ದರೆ, ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ ಉಳಿದ ತಪ್ಪನ್ನೂ ಹಿಡಿಯುತ್ತಿದ್ದೆ. ಐದು ಸಲ ಸಿಕ್ಕ ಆ ಅವಕಾಶವನ್ನು ಅವಳು ಐದು ಸಲವೂ ಒರೆಸಿ ಹಾಕಿದ್ದಳು. ಬೋರ್ಡುಗಳನ್ನು ಎತ್ತಿಕೊಂಡು, ಉಣ್ಣದೆ ಎದ್ದು ಬಂದೆ.

ಮನೆಗೆ ಬಂದು ಎಲ್ಲರೆದುರು ಬರೆದೆ: ಡ್ರೈವರ್ ನಿಂತಿತ್ತು, ಲಾಗ್ ಪೂರ್ತಿ ನೋಡದೆ ಕಳಿಸಿದ ತಪ್ಪು ನನ್ನದು. ಅವಳ ಹೆಸರು ಬರೆಯಲು ಮನಸ್ಸು ಬರಲಿಲ್ಲ.

ಮರುದಿನ ಅದರ ಕೆಳಗೇ ಅವಳ ಹೆಸರಿನಲ್ಲಿ ಒಂದು ಮಾತಿತ್ತು. ಈ ಪರೀಕ್ಷೆಯ ಬಗ್ಗೆ ತನಗೆ ಮೊದಲಿನಿಂದಲೂ ಸಂಶಯವಿತ್ತಂತೆ. ತನ್ನ ಮನೆಯ ಸುತ್ತ ಬೇರೆ ಸಿಗ್ನಲ್ ಇಲ್ಲ, ಬೇಕಾದರೆ ತಾನೇ ಸರಿಯಾಗಿ ಮಾಡಿಕೊಡುತ್ತೇನೆ ಎಂದು ಬರೆದಿದ್ದಳು. ಪ್ರಾಜೆಕ್ಟಿನವರು ಅವಳ ಪ್ರಾಮಾಣಿಕತೆಗೆ ಧನ್ಯವಾದ ಹೇಳಿ, ನನ್ನ ತಿದ್ದುಪಡಿಯನ್ನು ಪರೀಕ್ಷಿಸುವ ಕೆಲಸವನ್ನು ಅವಳಿಗೇ ಕೊಟ್ಟರು.