‘ನೆರಳಚ್ಚು’ ಪತ್ರಿಕೆಯ ಹಳೇಬೀಡು ಸಂಚಿಕೆ

ತೆಗೆಸಿಕೊಂಡ ಫೋಟೊ ಹೇಗೆ ಬಂದಿದೆಯೋ ಎಂದು ವಾರಗಟ್ಟಲೆ ತಳಮಳಿಸುವುದು ಎಲ್ಲರ ಮನೆಯಲ್ಲೂ ಇದ್ದ ಕಾಲವೊಂದಿತ್ತು. ನಮ್ಮ ಮನೆಯಲ್ಲಿ ಅದು ತುಸು ಹೆಚ್ಚೇ. ಅರಸೀಕೆರೆಯಲ್ಲಿ ಅಪ್ಪನ ಸ್ಟುಡಿಯೊ. ಅದರ ಹಿಂದಿನ ಕೋಣೆಯಿಂದ ‘ನೆರಳಚ್ಚು’ ಎಂಬ ಮಾಸಪತ್ರಿಕೆ ಹೊರಡುತ್ತಿತ್ತು. ಫೋಟೊ ತೆಗೆಯುವವರಿಗೆಂದೇ ಇದ್ದ ಪತ್ರಿಕೆ, ನಾನು ಹುಟ್ಟುವ ಮೊದಲೇ ಶುರುವಾದದ್ದು. ಒಳ್ಳೆಯ ದಿನಗಳಲ್ಲಿ ಅದರ ಕಟ್ಟುಗಳನ್ನು ಸ್ಟೇಷನ್ನಿಗೆ ಒಯ್ಯಲು ಜಟಕಾ ಬರುತ್ತಿತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅಪ್ಪ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದರು. ನಾನು ಹೇಳುತ್ತಿರುವ ಚಳಿಗಾಲದಲ್ಲಿ ಒಂದು ಕೈಚೀಲವೇ ಸಾಕಾಗಿತ್ತು.

ಆ ಕೋಣೆಯಲ್ಲಿ ಫೋಟೊ ತೊಳೆಯುವ ಹೈಪೊದ ಘಾಟು, ಮಂಡಿಯ ಕಡೆಯಿಂದ ತೇಲಿಬರುವ ಕೊಬ್ಬರಿ ವಾಸನೆ, ಪಕ್ಕದಲ್ಲಿ ಅಮ್ಮ ಹಿತುಕುತ್ತಿದ್ದ ಅವರೆಕಾಳಿನ ಸೊಗಡು. ಕಾನ್ವೆಂಟಿನಿಂದ ಬಂದವಳೇ ಫಿಲಂ ಡಬ್ಬಿಯ ಮುಚ್ಚಳವನ್ನು ಬಿಲ್ಲೆ ಮಾಡಿಕೊಂಡು ಬಾಗಿಲಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದೆ. ಬೇರೆ ವರ್ಷಗಳಲ್ಲಾಗಿದ್ದರೆ ಗಲಾಟೆಯೆಂದು ಅಪ್ಪ ಗದರುತ್ತಿದ್ದರು. ಆ ವರ್ಷ ಗದರಲಿಲ್ಲ. ನನಗೆ ಅದೇ ಭಯ.

ಪತ್ರಿಕೆಗೆ ಒಂದು ಕಟ್ಟಳೆಯಿತ್ತು. ಫೋಟೊ ಕಳಿಸುವವರು ಅದರ ನೆಗೆಟಿವ್ ಕೂಡ ಕಳಿಸಬೇಕು. ಅದನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಅಪ್ಪ ಒಪ್ಪುತ್ತಿದ್ದುದು. ಡಿಜಿಟಲ್ ಕ್ಯಾಮೆರಾ ಬಂದಮೇಲೆ ಲಕೋಟೆಗಳಲ್ಲಿ ಫೋಟೊ ಮಾತ್ರ ಇರುತ್ತಿತ್ತು. ಅಪ್ಪ ಅವನ್ನೆಲ್ಲ ಹಾಗೇ ವಾಪಸ್ ಕಳಿಸುತ್ತಿದ್ದರು.

“ಎಲ್ಲಾ ವಾಪಸ್ ಕಳಿಸಿದ್ರೆ ಅಚ್ಚು ಹಾಕೋದೇನ್ರೀ, ಬರೀ ಹಾಳೇನಾ?” ಎಂದರು ಅಮ್ಮ.

“ಹಳೇಬೀಡು ಸಂಚಿಕೆ ಒಂದು ಬರ್ಲಿ. ಅದು ಎದ್ದು ನಿಂತ್ರೆ ಪತ್ರಿಕೆ ಉಳಿಯುತ್ತೆ. ಇಲ್ದಿದ್ರೆ ಇಲ್ಲ.”

ಆ ಸಂಚಿಕೆಯ ಮುಖಪುಟಕ್ಕೆ ಫೋಟೊ ಕಳಿಸಿದವರು ಚಂದ್ರಣ್ಣ ಮಾಮ. ಹಗರೆ ಎಂಬ ಊರಿನವರು, ಅಪ್ಪನ ಹತ್ತಿರವೇ ಕೆಲಸ ಕಲಿತು, ಹಳೇಬೀಡಿನ ಗುಡಿಯ ಮುಂದೆ ಪ್ರವಾಸಿಗರ ಫೋಟೊ ತೆಗೆಯುತ್ತಿದ್ದರು. ಫೋಟೊದಲ್ಲಿ ಮೇಲೆ ಕವಿದ ಮೋಡ, ಗುಡಿಯ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಸುತ್ತಲಿನ ಜಗತಿಯ ಕಟ್ಟೆ ಗುಡಿಸುತ್ತಿರುವ ಒಬ್ಬ ಅಜ್ಜಿ. ಆನೆಗಳು ಆ ಮೋಡಕ್ಕೆ ಹೆದರಿ ಹೊರಟುಹೋಗುತ್ತಿವೆಯೇನೋ ಅನ್ನಿಸುತ್ತಿತ್ತು. ಜೊತೆಗೆ ನೆಗೆಟಿವ್ ಕೂಡ ಇತ್ತು!

“ನೋಡ್ದೇನೇ, ನನ್ನ ಶಿಷ್ಯ ಕಣೇ ಅವ್ನು!” ಎಂದು ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿ ಅಪ್ಪ ಎಷ್ಟೋ ದಿನಗಳ ಮೇಲೆ ನಕ್ಕರು. ಆ ಸಂಭ್ರಮದಲ್ಲಿ ನೆಗೆಟಿವನ್ನು ನೋಡದೆ, ಕವರಿಗೆ ಹಾಕಿಡು ಎಂದು ನನ್ನ ಕೈಗೆ ಕೊಟ್ಟರು. ನಾನು ಕಿಟಕಿಗೆ ಹಿಡಿದೆ. ಫೋಟೊದಲ್ಲಿ ಕತ್ತರಿಸಿಹೋಗಿದ್ದ ಅಂಚು ಅದರಲ್ಲಿ ಹಾಗೇ ಇತ್ತು.

“ಅಪ್ಪಾ, ಆಕಾಶದ ಮೂಲೇಲಿ ಡ್ರಾಯಿಂಗ್ ಪಿನ್ ಇದೆ.”

“ಮೋಡಕ್ಕೆ ಪಿನ್ ಚುಚ್ಚಿದೋರು ಯಾರೇ?” ನಗುತ್ತಲೇ ಮಸೂರ ತಂದರು. ಬಗ್ಗಿ ನೋಡಿದರು. ನಗು ನಿಂತಿತು. ಒಳಗೆ ಅಮ್ಮನ ಬಳೆಗಳ ಸದ್ದೂ ನಿಂತಿತು.

ಭಾನುವಾರ ಚಂದ್ರಣ್ಣ ಮಾಮ ಗಿಣ್ಣದ ಹಾಲು ಹಿಡಿದು ಬಸ್ಸಿಳಿದು ಬಂದರು. ಅಪ್ಪ ನೆಗೆಟಿವನ್ನು ಅವರ ಮುಂದಿಟ್ಟರು.

“ಡಿಜಿಟಲ್‌ನಾಗೆ ಹೊಡ್ದಿದ್ದು ಕಣಣ್ಣ,” ಎಂದರು ಮಾಮ ತಲೆ ತಗ್ಗಿಸಿ. “ಗುಡಿ ಮುಂದೆ ಈಗ ಫಿಲಂ ಯಾರ್ಗೂ ಬ್ಯಾಡ. ನಿಮಗೆ ನೆಗೆಟಿವ್ ಬೇಕಲ್ಲ, ಅದ್ಕೇ ಪ್ರಿಂಟ್ ತೆಗ್ಸಿ, ಗೋಡೆಗೆ ಸಿಗ್ಸಿ, ಹಳೇ ಕ್ಯಾಮೆರಾದಾಗೆ ಅದ್ರುದ್ದೇ ಫೋಟೊ ತೆಗ್ದೆ. ಕಟ್ಟಳೆ ಮುರೀಬಾರ್ದು ಅಂತ.”

“ಫೋಟೊಗೇ ಫೋಟೊ ತೆಗ್ದ್ಯಲ್ಲೋ ಪುಣ್ಯಾತ್ಮ!” ಅಮ್ಮ ನಕ್ಕುಬಿಟ್ಟರು. ಬೇರೆ ಯಾರೂ ನಗಲಿಲ್ಲ.

“ವಾಪಸ್ ಕೊಟ್ಬಿಡಿ ಅಣ್ಣ.”

“ಬೇಡ,” ಎಂದರು ಅಪ್ಪ. “ಪಿನ್ ಸಮೇತ ಮುಖಪುಟಕ್ಕೆ ಹಾಕ್ತೀನಿ. ನಮ್ಮ ಓದುಗರು ಹದ್ದಿನ ಕಣ್ಣಿನೋರು, ಕಂಡುಹಿಡಿದು ಉಗೀಲಿ. ಕಟ್ಟಳೆ ಇರ್ಬೇಕೋ ಬೇಡ್ವೋ ಅವರೇ ಹೇಳ್ಲಿ.”

ಹಾಗೇ ಅಚ್ಚಾಯಿತು. ಮೋಡದ ಮೂಲೆಯಲ್ಲಿ ಪಿನ್ನಿನ ತಲೆ ಹೊಳೆಯುತ್ತಿತ್ತು. ಅದನ್ನು ಕಾಣದಿರಲು ಕಣ್ಣು ಮುಚ್ಚಿಕೊಳ್ಳಬೇಕಿತ್ತು.

ಅಪ್ಪ ದಿನವೂ ಅಂಚೆಯವರಿಗಾಗಿ ಬಾಗಿಲಲ್ಲಿ ನಿಂತರು. ಯಾರೋ ವಿಳಾಸ ಬದಲಾಗಿದೆ ಎಂದು ಬರೆದರು. ಇನ್ನಾರೋ ‘ಮುಖಪುಟ ಸೊಗಸಾಗಿದೆ’ ಎಂದು ಕಾರ್ಡು ಹಾಕಿದರು. ಪಿನ್ನಿನ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲ. ಅವರೆಕಾಯಿ ಕಾಲ ಮುಗಿಯಿತು, ಬಿಸಿಲು ಏರಿತು. ಒಂದು ಸಂಜೆ ಅಪ್ಪ ಹಿಂದಿನ ಕೋಣೆಯ ಬಾಗಿಲು ಎಳೆದುಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು.

“ಯಾರೂ ಬೈಲಿಲ್ಲ ಕಣೇ,” ಎಂದರು ಅಮ್ಮನಿಗೆ. “ಒಬ್ರು ಬೈದಿದ್ರೂ ಮುಂದಿನ ಸಂಚಿಕೆ ತರ್ತಿದ್ದೆ.”

ಮುಂದಿನ ಸಂಚಿಕೆ ಬರಲಿಲ್ಲ.

ಮೊನ್ನೆ ಮಗಳ ಜೊತೆ ಹಳೇಬೀಡಿಗೆ ಹೋಗಿದ್ದೆ. ಅವಳು ಫೋನಿನಲ್ಲಿ ಲೆಕ್ಕವಿಲ್ಲದಷ್ಟು ಫೋಟೊ ತೆಗೆದು, ಅಲ್ಲೇ ನಿಂತು ಮನೆಯವರ ಗ್ರೂಪಿಗೆಲ್ಲ ಕಳಿಸಿದಳು. ಒಂದರಲ್ಲಿ ನನ್ನ ಎರಡೂ ಪಾದಗಳಿಲ್ಲ, ನೆತ್ತಿಯ ಮೇಲೆ ದೀಪದ ಕಂಬ ನೆಟ್ಟ ಹಾಗಿದೆ. ನಾವು ಬಸ್ ಹತ್ತುವಷ್ಟರಲ್ಲಿ ಎಲ್ಲರೂ ‘ಸೂಪರ್’ ಎಂದಾಗಿತ್ತು. ಯಾರಾದರೂ ಒಬ್ಬರು ಬೈಯಬಹುದೇನೋ ಎಂದು ಜಾವಗಲ್ ದಾಟುವವರೆಗೂ ನಾನು ಫೋನು ನೋಡುತ್ತಲೇ ಇದ್ದೆ.