ಇಲಿರಾಯನ ಸ್ಪೆಷಲ್ ವಾರ್ಡು

ಇಲಿರಾಯ ಮನೆ ಅಳಿಯ. ತಾಯಿಯನ್ನು ಬಿಟ್ಟು ಬರಲಾರೆ ಎಂದು ಹೆಂಡತಿ, ಮನೆಯನ್ನು ಬಿಟ್ಟು ಬರಲಾರೆ ಎಂದು ಅತ್ತೆ ಹಟ ಹಿಡಿದರು. ಬಿಡುವುದಕ್ಕೆ ತನ್ನದು ಅಂತ ಏನೂ ಇಲ್ಲದ ಇವನೇ ಒಂದು ಪೆಟ್ಟಿಗೆ ಹಿಡಿದು ಬಂದ. ಕೆಲಸ ಒಂದು ಸಂಶೋಧನಾಲಯದ ಇಲಿಮನೆಯಲ್ಲಿ. ಗೂಡು ತೊಳೆಯುವುದು, ಹಾಸಿಗೆಯಾಗಿ ಹರಡಿದ ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತುಂಬುವುದು, ನಡುನಡುವೆ ಕಚ್ಚಿಸಿಕೊಳ್ಳುವುದು. ಬೀದಿಯವರು ಇಟ್ಟ ಹೆಸರು ಅಲ್ಲಿಂದಲೇ ಹುಟ್ಟಿದ್ದು. ಸಂಜೆ ಬಂದರೆ ಹಿತ್ತಲ ಬಾಗಿಲಿಂದ ನೇರ ಬಚ್ಚಲಿಗೆ ಹೋಗಬೇಕು. ಮೈ ತೊಳೆಯದೆ ನಡುಮನೆಗೆ ಕಾಲಿಡುವಂತಿಲ್ಲ. ಅದು ಅತ್ತೆಯ ಕಾನೂನು.

ಅವನ ಇಲಿಗಳೂ ಸಾಮಾನ್ಯದವಲ್ಲ. ಇನ್ನೂ ಹುಟ್ಟದ ಮರಿಯ ಮೂತ್ರಪಿಂಡವನ್ನು, ಸಾಸಿವೆ ಕಾಳಿಗಿಂತ ಚಿಕ್ಕದನ್ನು, ಅಲ್ಲಿಯ ಡಾಕ್ಟರಮ್ಮ ದೊಡ್ಡ ಇಲಿಯೊಂದರ ಹೊಟ್ಟೆಯೊಳಗೆ ನೆಡುತ್ತಿದ್ದರು. ಕೆಲವು ಇಲಿಗಳಲ್ಲಿ ಅದು ಮನೆಯೊಡೆಯ ಇಲಿಯ ರಕ್ತನಾಳಗಳನ್ನೇ ತನ್ನತ್ತ ಎಳೆದುಕೊಂಡು ಚಿಗುರುತ್ತಿತ್ತು. ಇನ್ನು ಕೆಲವುಗಳಲ್ಲಿ ಮೈ 'ಯಾರಯ್ಯಾ ನೀನು' ಎಂದು ಜಗಳಕ್ಕೆ ನಿಂತು ಅದನ್ನು ಹಾಳುಗೆಡವುತ್ತಿತ್ತು. ಮದುವೆಯಾದ ಹೊಸದರಲ್ಲಿ ಇಲಿರಾಯ ಇದನ್ನೆಲ್ಲ ಉತ್ಸಾಹದಿಂದ ವಿವರಿಸಲು ಹೋಗಿದ್ದ.

"ಪಿಂಡದ ಮೂತ್ರಪಿಂಡ ಅತ್ತೆ, ಬಹಳ ಎಳೇದು..."

"ನಿಮ್ಮ ಪಿಂಡ!" ಎಂದರು ಅತ್ತೆ. ಬೈಯುವಾಗಲೂ ಬಹುವಚನ ಬಿಡದ ಹೆಂಗಸು.

ಹೊರಗಿನವರು ಕೇಳಿದರೆ ಮಾತ್ರ "ನಮ್ಮ ಅಳಿಯಂದಿರು ಕಿಡ್ನಿ ವಿಭಾಗದಲ್ಲಿದ್ದಾರೆ" ಎನ್ನುತ್ತಿದ್ದರು. ಅದೇನೂ ಸುಳ್ಳಲ್ಲ. ಆದರೆ ಮಾತು ಬಾಯಿಂದ ಬಾಯಿಗೆ ಹೋಗುತ್ತ ಅವನಿಗೆ ಬಡ್ತಿ ಕೊಡುತ್ತ ಹೋಯಿತು. ಬೇರೆ ಊರಿನಲ್ಲಿದ್ದ ಅತ್ತೆಯ ಅಣ್ಣನ ಕಿವಿಗೆ ಬೀಳುವ ಹೊತ್ತಿಗೆ ಇಲಿರಾಯ ದೊಡ್ಡ ಕಿಡ್ನಿ ಡಾಕ್ಟರಾಗಿದ್ದ.

ಆ ಅಣ್ಣ ನಿವೃತ್ತ ಹೆಡ್ಮಾಸ್ಟರು. ಅವರ ಎರಡು ಕಿಡ್ನಿಯೂ ಕೈಕೊಟ್ಟವು. ಬದಲಿ ಕಿಡ್ನಿ ಹಾಕಿಸಬೇಕಾದೀತು ಎಂದು ಅಲ್ಲಿಯ ವೈದ್ಯರು ಹೇಳಿದ್ದೇ ತಡ, ಹೆಡ್ಮಾಸ್ಟರು ಯಾವ ದೊಡ್ಡಾಸ್ಪತ್ರೆಗೂ ಹೋಗದೆ ತಂಗಿಯ ಮನೆಗೆ ಬಂದಿಳಿದರು.

"ಇಲಿ ಅನ್ನೋ ಮಾತು ನಿಮ್ಮ ಬಾಯಿಂದ ಬಂದ್ರೆ, ಈ ಮನೆ ಋಣ ಅವತ್ತಿಗೆ ತೀರ್ತು ಅಂದ್ಕೊಳ್ಳಿ," ಎಂದು ಅತ್ತೆ ಅಡುಗೆಮನೆಯಲ್ಲಿ ಅಳಿಯನಿಗೆ ಪಿಸುಗುಟ್ಟಿದರು. ಆಡಿದ್ದನ್ನು ಮಾಡಿ ತೋರಿಸುವವರೇ ಅವರು. ಇಲಿರಾಯ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೆಡ್ಮಾಸ್ಟರ ಎದುರು ಕೂತ.

"ನಿಮ್ಮಲ್ಲಿ ಪೇಷಂಟುಗಳು ಎಷ್ಟು ಡಾಕ್ಟ್ರೇ?" ಎಂದು ಅವರು ಶುರು ಮಾಡಿದರು.

"ಎಂಬತ್ತು... ಜನ."

"ಊಟಗೀಟ ಚೆನ್ನಾಗಿ ಮಾಡ್ತಾರಾ?"

"ನಿನ್ನೆ ಹಾಸಿಗೇನೂ ತಿಂದ್ಬಿಟ್ರು."

ಹೆಡ್ಮಾಸ್ಟರ ಕನ್ನಡಕ ಮೂಗಿನ ತುದಿಗೆ ಜಾರಿತು. "ಜ್ವರ ನೆತ್ತಿಗೇರಿತ್ತಂತೆ, ಪಾಪ," ಎಂದರು ಅತ್ತೆ.

"ಎಲ್ಲರೂ ಒಂದೇ ಕಡೆ ಇರ್ತಾರೋ?"

"ಇಲ್ಲ, ಕಿತ್ತಾಡ್ತಾರೆ ಅಂತ ಒಂದೊಂದು ಗೂಡು..."

"ಸ್ಪೆಷಲ್ ವಾರ್ಡು!" ಎಂದು ಅತ್ತೆ ಕೂಗಿದರು.

"ಅವರನ್ನ ನೋಡೋಕೆ ಯಾರಾದ್ರೂ ಬರ್ತಾರಾ?"

"ಬೆಕ್ಕು ಬರುತ್ತೆ," ಎಂದ ಇಲಿರಾಯ. ಸುಳ್ಳು ಹೇಳಿ ಅಭ್ಯಾಸವಿಲ್ಲದವನನ್ನು ಅಂಥ ಜಾಗದಲ್ಲಿ ಕೂರಿಸಿದ್ದೇ ತಪ್ಪು. ಹೆಂಡತಿ ಲೋಟ ತೊಳೆಯುವ ನೆಪ ಹೇಳಿ ಎದ್ದು ಒಳಗೆ ಓಡಿದಳು. ಒಳಗಿನಿಂದ ಲೋಟದ ಸದ್ದಂತೂ ಬರಲಿಲ್ಲ.

ಹೆಡ್ಮಾಸ್ಟರು ನಗಲಿಲ್ಲ. ಕುರ್ಚಿ ಹತ್ತಿರಕ್ಕೆಳೆದುಕೊಂಡು, ತಂಗಿಯತ್ತ ಕೈ ತೋರಿಸಿ ದನಿ ತಗ್ಗಿಸಿದರು. "ಇವಳು ತನ್ನದೊಂದು ಕಿಡ್ನಿ ಕೊಡ್ತೀನಿ ಅಂತ ಕೂತಿದ್ದಾಳೆ. ನನಗೆ ಹೊರಗಿನ ಡಾಕ್ಟ್ರ ಮೇಲೆ ನಂಬಿಕೆ ಇಲ್ಲ. ನನ್ನ ಮೈಗೆ ಒಗ್ಗುತ್ತೆ ಅಂತ ನೀವು ಹೇಳಿದ್ರೆ ಹೂಂ ಅಂತೀನಿ. ಒಗ್ಗಲ್ಲ ಅಂದ್ರೆ ಸುಮ್ನೆ ಊರಿಗೆ ಹೋಗಿ ಮಲಗ್ತೀನಿ. ನಿಮ್ಮ ಮಾತೇ ಕೊನೆ."

ಅತ್ತೆ ಕಿಡ್ನಿ ಕೊಡಲು ಹೊರಟಿದ್ದಾರೆಂಬುದು ಇಲಿರಾಯನಿಗೆ ಗೊತ್ತೇ ಇರಲಿಲ್ಲ. ಒಂದು 'ಹೂಂ' ಅಂದರೆ ಮನೆಯೂ ಉಳಿಯುತ್ತದೆ, ಹೆಂಡತಿಯೂ ಉಳಿಯುತ್ತಾಳೆ. ಆದರೆ ಎರಡು ಜೀವಗಳ ಪ್ರಶ್ನೆ ಗೂಡು ತೊಳೆಯುವವನ ಹೂಂ ಮೇಲೆ ನಿಲ್ಲುವುದು ಎಂದರೇನು?

"ಮಾವ, ನಾನು ಡಾಕ್ಟ್ರಲ್ಲ. ಇಲಿ ಗೂಡು ತೊಳೆಯೋನು. ಆ ಎಂಬತ್ತೂ ಇಲಿಗಳೇ. ನನ್ನ ಮಾತು ಕಟ್ಟಿಕೊಂಡು ಸಾಯೋದೂ ಬೇಡ, ಕೊಯ್ಸಿಕೊಳ್ಳೋದೂ ಬೇಡ. ದೊಡ್ಡಾಸ್ಪತ್ರೆಗೆ ಹೋಗಿ ಇಬ್ಬರೂ ಪರೀಕ್ಷೆ ಮಾಡಿಸ್ಕೊಳ್ಳಿ."

ಅತ್ತೆಯ ಮುಖ ಕೆಂಡವಾಯಿತು. ಹೆಡ್ಮಾಸ್ಟರು ಅಳಿಯನನ್ನು ನೋಡಿದರು, ತಂಗಿಯನ್ನು ನೋಡಿದರು, ಆಮೇಲೆ ಕೆಮ್ಮು ಬರುವವರೆಗೂ ನಕ್ಕರು. "ಇಷ್ಟು ವರ್ಷ ಮೇಷ್ಟ್ರಾಗಿದ್ದೆ ಕಣೇ. ಹಾಸಿಗೆ ತಿನ್ನೋ ಪೇಷಂಟು ಇರಲ್ಲ ಅಂತ ಹೊಳೀಲೇ ಇಲ್ವಲ್ಲ!" ಕಣ್ಣೊರೆಸಿಕೊಂಡು ಇಲಿರಾಯನತ್ತ ತಿರುಗಿದರು. "ಇರ್ಲಿ, ಆ ಇಲಿಗಳ ಕಥೆ ಏನು?"

"ಹೊರಗಿನದು ಒಳಗೆ ಬಂದ್ರೆ ಮೈಗೆ ಸಿಟ್ಟು ಬರುತ್ತೆ ಮಾವ. ಸಿಟ್ಟು ಇಳಿಸೋ ಔಷಧಿ ಬಿಡದೆ ಕೊಟ್ರೆ ಎಷ್ಟೋ ಸಲ ಉಳ್ಕೊಳ್ಳುತ್ತೆ. ಅದು ಇಲಿ ಕಥೆ. ನಿಮ್ಮದನ್ನ ಡಾಕ್ಟ್ರೇ ಹೇಳ್ಬೇಕು."

"ಸಿಟ್ಟಿಗೂ ಔಷಧಿ ಇದೆಯಂತೆ," ಎಂದರು ಹೆಡ್ಮಾಸ್ಟರು ತಂಗಿಗೆ. "ನಿನಗೂ ಒಂದು ಬಾಟ್ಲಿ ತರಿಸ್ಲಾ?"

ತಂಗಿ ಎದ್ದು ಅಡುಗೆಮನೆಗೆ ನಡೆದರು. ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಇಲಿರಾಯ ಒಬ್ಬನಿಗಾಗುವಷ್ಟು ಬಾಡಿಗೆ ಕೋಣೆ ಎಲ್ಲಾದರೂ ಇದೆಯೇ ಎಂದು ಗುಟ್ಟಾಗಿ ವಿಚಾರಿಸತೊಡಗಿದ. ಅವನಿಗೆ ನಿಜಕ್ಕೂ ಅಳು ಬರುತ್ತಿತ್ತು. ಇಲಿಮನೆಯಲ್ಲಿ ಯಾರೂ ಇಲ್ಲದಾಗ ಸ್ವಲ್ಪ ಅತ್ತೂ ಬಿಟ್ಟ.

ಕೊನೆಗೆ ಎಲ್ಲರೂ ದೊಡ್ಡಾಸ್ಪತ್ರೆಗೆ ಹೋದರು. ಪರೀಕ್ಷೆಗಳೆಲ್ಲ ಮುಗಿದವು, ತಂಗಿಯದು ಅಣ್ಣನಿಗೆ ಆಗಬಹುದು ಎಂದಾಯಿತು. ಬಾಗಿಲ ಬಳಿ ಗೋಡೆಗಂಟಿ ನಿಂತಿದ್ದ ಇಲಿರಾಯನನ್ನು ತೋರಿಸಿ, "ಇವರು ನಿಮಗೆ ಏನಾಗಬೇಕು?" ಎಂದು ಡಾಕ್ಟರು ಅತ್ತೆಯನ್ನು ಕೇಳಿದರು.

ಅತ್ತೆ ಅವನ ತೋಳು ಹಿಡಿದು ಮುಂದಕ್ಕೆ ಎಳೆದರು.

"ನಮ್ಮನೆ ಹುಡುಗ. ಇಲಿ ಗೂಡು ತೊಳೀತಾನೆ," ಎಂದರು, ಹೊರಗೆ ಕೂತವರಿಗೆಲ್ಲ ಕೇಳುವಂತೆ. "ನನ್ನನ್ನ ಕೊಯ್ಯೋ ದಿನ ಇವನು ಇಲ್ಲೇ ಇರ್ಬೇಕು. ನನ್ನ ಮಗಳು ನಾನು ಹೆದರ್ತೀನಿ ಅಂತ ಮುಚ್ಚಿಡ್ತಾಳೆ, ನೀವೂ ಮುಚ್ಚಿಡ್ತೀರಿ. ಏನೇ ಹೆಚ್ಚುಕಮ್ಮಿ ಆದ್ರೂ ಇವನಿಗೆ ಹೇಳಿ. ನಾನು ಕಣ್ಣುಬಿಟ್ಟ ಮೇಲೆ ಇವನ ಬಾಯಿಂದಾನೇ ಕೇಳ್ತೀನಿ."

ಡಾಕ್ಟರು ನಕ್ಕು, ಫೋನ್ ನಂಬರ್ ಬರೆದುಕೊಳ್ಳುವಂತೆ ನರ್ಸಿಗೆ ಹೇಳಿದರು. ಇಲಿರಾಯನಿಗೆ ತನ್ನ ನಂಬರೇ ನೆನಪಿಗೆ ಬರಲಿಲ್ಲ. ಹೆಂಡತಿಯೇ ಹೇಳಬೇಕಾಯಿತು.